ಸಮಾಧಿ ಜಾಗದ ಹಕ್ಕು ಯಾರಿಗೆ ಸೇರಬೇಕು: ಕುಟುಂಬಗಳ ಮುಂದಿರುವ ದಾರಿಗಳ ಹೋಲಿಕೆ

ಅಪ್ಪನನ್ನು ಮಣ್ಣು ಮಾಡಿದ ಜಾಗದಲ್ಲಿಯೇ ಅಮ್ಮನನ್ನೂ ಮಲಗಿಸಬೇಕೆಂದು ಮಕ್ಕಳು ಸ್ಮಶಾನದ ಕಚೇರಿಗೆ ಹೋಗುತ್ತಾರೆ. ಅಲ್ಲಿನ ನೋಂದಣಿ ಪುಸ್ತಕದಲ್ಲಿ ಆ ಸಮಾಧಿಯ ಹಕ್ಕುದಾರರ ಕಾಲಮಿನಲ್ಲಿ 15 ವರ್ಷಗಳ ಹಿಂದೆ ತೀರಿಕೊಂಡ ಅಪ್ಪನ ಹೆಸರೇ ಇನ್ನೂ ಉಳಿದಿರುತ್ತದೆ. ಗುಂಡಿ ತೆಗೆಯಲು ಹಕ್ಕುದಾರರ ಸಹಿ ಬೇಕೆಂದು ಕಚೇರಿಯವರು ಹೇಳುತ್ತಾರೆ. ಸಹಿ ಮಾಡಬೇಕಾದವರು ಈಗ ಇಲ್ಲ. ಅಮ್ಮನ ಶವ ಕಾಯುತ್ತಿರುವಾಗ ಮಕ್ಕಳು ವಾರಸುದಾರಿಕೆಯ ಕಾಗದಪತ್ರ ಹುಡುಕಬೇಕಾಗುತ್ತದೆ, ದೂರದಲ್ಲಿರುವ ಒಡಹುಟ್ಟಿದವರ ಒಪ್ಪಿಗೆ ತರಿಸಬೇಕಾಗುತ್ತದೆ. ದುಃಖದ ಎರಡು ದಿನಗಳನ್ನು ಹೀಗೆ ಕಚೇರಿಯ ಬೆಂಚಿನ ಮೇಲೆ ಕಳೆಯುವ ಸ್ಥಿತಿ ಯಾವ ಕುಟುಂಬಕ್ಕೂ ಬರಬಾರದು ಎಂಬ ಕಾಳಜಿಯಿಂದಲೇ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೋಲಿಸುವ ಆಯ್ಕೆಗಳೆಲ್ಲವೂ ಒಂದು ಮೂಲ ಸಂಗತಿಯ ಸುತ್ತ ತಿರುಗುತ್ತವೆ. ಒಂದು ಸಮಾಧಿ ಜಾಗದಲ್ಲಿ ಎರಡು ಬೇರೆ ಬೇರೆ ಹಕ್ಕುಗಳಿರುತ್ತವೆ. ಮೊದಲನೆಯದು ಅಲ್ಲಿ ಹೂಳಿಸಿಕೊಳ್ಳುವ ಹಕ್ಕು. ಎರಡನೆಯದು ಅಲ್ಲಿ ಯಾರನ್ನು ಹೂಳಬಹುದು, ಯಾರನ್ನು ಹೂಳಬಾರದು ಎಂದು ತೀರ್ಮಾನಿಸುವ ಹಕ್ಕು. ಸಾಮಾನ್ಯ ಮಾತಿನಲ್ಲಿ ಎರಡನ್ನೂ ‘ನಮ್ಮ ಜಾಗ’ ಎಂಬ ಒಂದೇ ಮಾತಿನಲ್ಲಿ ಸೇರಿಸಿ ಹೇಳಿಬಿಡುತ್ತೇವೆ. ಕಾನೂನು ಮಾತ್ರ ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಮುಂದಿನ ತಲೆಮಾರಿಗೆ ದಾಟಿಸುತ್ತದೆ, ಮತ್ತು ಕುಟುಂಬದ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಎರಡು ದಾರಿಗಳು ಕವಲೊಡೆಯುವ ಜಾಗದಲ್ಲಿಯೇ.

ಹಣ ಕೊಟ್ಟು ಪಡೆಯುವುದು ಏನನ್ನು?

ಸಮಾಧಿಯ ಜಾಗವನ್ನು ‘ಕೊಂಡಿದ್ದೇವೆ’ ಎನ್ನುವುದು ವಾಡಿಕೆಯ ಮಾತು. ಆದರೆ ಬಹುಪಾಲು ಸಾರ್ವಜನಿಕ ಸ್ಮಶಾನಗಳಲ್ಲಿ ಹಣ ಕೊಟ್ಟವರಿಗೆ ನೆಲದ ಒಡೆತನ ಬರುವುದಿಲ್ಲ. ಗೊತ್ತುಮಾಡಿದ ಒಂದು ತುಂಡು ನೆಲದಲ್ಲಿ ತಮ್ಮ ಒಪ್ಪಿಗೆಯಿಲ್ಲದೆ ಬೇರೆ ಯಾರನ್ನೂ ಹೂಳದಂತೆ ನೋಡಿಕೊಳ್ಳುವ ವಿಶೇಷ ಹಕ್ಕು ಮಾತ್ರ ಬರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ಥಳೀಯ ಸಂಸ್ಥೆಗಳ ಸ್ಮಶಾನಗಳಿಗೆ ಅನ್ವಯಿಸುವ 1977ರ ಆದೇಶವು ಇದನ್ನು ಹೂಳುವ ವಿಶೇಷ ಹಕ್ಕು ಎಂದೇ ಕರೆಯುತ್ತದೆ ಮತ್ತು ಒಮ್ಮೆಗೆ ಗರಿಷ್ಠ 100 ವರ್ಷಗಳಿಗೆ ಮಾತ್ರ ಅದನ್ನು ಕೊಡಲು ಅನುಮತಿಸುತ್ತದೆ. ಫ್ರಾನ್ಸ್‌ನಲ್ಲಿ ನೆಲ ಸ್ಥಳೀಯ ಆಡಳಿತದ್ದಾಗಿಯೇ ಉಳಿಯುತ್ತದೆ, ಕುಟುಂಬಕ್ಕೆ ಅದರ ಬಳಕೆಯ ಹಕ್ಕು ಸಿಗುತ್ತದೆ. ಹೀಗಾಗಿ ಮನೆ ಅಥವಾ ಹೊಲವನ್ನು ಪಾಲು ಮಾಡಿಕೊಂಡಂತೆ ಸಮಾಧಿಯನ್ನು ಅಳೆದು ಪಾಲು ಮಾಡಿಕೊಳ್ಳಲು ಬರುವುದಿಲ್ಲ.

ಹಕ್ಕುಪತ್ರವನ್ನು ಕೈಗೆತ್ತಿಕೊಂಡಾಗ ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ. ವಿಭಾಗ, ಸಾಲು ಮತ್ತು ಸಮಾಧಿಯ ಸಂಖ್ಯೆಯ ಕೆಳಗೆ, ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿ, ನಾಲ್ಕು ವಿವರಗಳಿರುತ್ತವೆ: ಹಕ್ಕುದಾರರ ಹೆಸರು, ಅವಧಿ ಆರಂಭವಾಗುವ ದಿನಾಂಕ, ಎಷ್ಟು ಜನರನ್ನು ಹೂಳಲು ಅನುಮತಿಯಿದೆ ಎಂಬ ಸಂಖ್ಯೆ, ಮತ್ತು ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬಹುದೇ ಎಂಬ ಷರತ್ತು. ಇವುಗಳಲ್ಲಿ ಅವಧಿಯ ದಿನಾಂಕ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಮುಂಗಡವಾಗಿ ಜಾಗ ಕಾದಿರಿಸಿದವರಿಗೆ ಅವಧಿಯ ಲೆಕ್ಕ ಹಕ್ಕು ಕೊಟ್ಟ ದಿನದಿಂದಲೇ ಶುರುವಾಗಿರಬಹುದು. 40ನೆಯ ವಯಸ್ಸಿನಲ್ಲಿ 50 ವರ್ಷಗಳ ಹಕ್ಕನ್ನು ಪಡೆದು 85ನೆಯ ವಯಸ್ಸಿನಲ್ಲಿ ತೀರಿಕೊಂಡವರ ಮಕ್ಕಳಿಗೆ, ಅಂತ್ಯಕ್ರಿಯೆ ಮುಗಿದ ಐದೇ ವರ್ಷಗಳಲ್ಲಿ ನವೀಕರಣದ ಪ್ರಶ್ನೆ ಎದುರಾಗುತ್ತದೆ.

ಅವಧಿಯ ಆಯ್ಕೆ: ಸಾಮಾನ್ಯ ಜಾಗ, ನವೀಕರಿಸಬಹುದಾದ ಹಕ್ಕು, ಶಾಶ್ವತ ಹಕ್ಕು

ಎಲ್ಲಕ್ಕಿಂತ ಸರಳವಾದದ್ದು ಸಾಮಾನ್ಯ ಜಾಗ ಅಥವಾ ಸಾಲು ಸಮಾಧಿ. ಆಡಳಿತ ತೋರಿಸಿದ ಮುಂದಿನ ಖಾಲಿ ಜಾಗದಲ್ಲಿ ಶವವನ್ನು ಹೂಳಲಾಗುತ್ತದೆ. ಕುಟುಂಬಕ್ಕೆ ಆಯ್ಕೆಯಿಲ್ಲ, ವಿಶೇಷ ಹಕ್ಕೂ ಇಲ್ಲ. ಹೂಳಿದ ಶವವನ್ನು ಇಂತಿಷ್ಟು ವರ್ಷ ಕದಲಿಸುವುದಿಲ್ಲ ಎಂಬ ವಿಶ್ರಾಂತಿ ಅವಧಿಯ ಭರವಸೆ ಮಾತ್ರ ಇರುತ್ತದೆ. ಫ್ರಾನ್ಸ್‌ನಲ್ಲಿ ಇದು ಕನಿಷ್ಠ 5 ವರ್ಷ. ಇಟಲಿಯಲ್ಲಿ ನೆಲದಲ್ಲಿ ಹೂಳಿದ ಸಾಮಾನ್ಯ ಸಮಾಧಿಗಳಿಗೆ 10 ವರ್ಷ. ಜರ್ಮನಿಯಲ್ಲಿ ಪ್ರದೇಶಕ್ಕೆ ತಕ್ಕಂತೆ ಬದಲಾದರೂ ಸಾಲು ಸಮಾಧಿಯನ್ನು ಸಾಮಾನ್ಯವಾಗಿ ಅವಧಿ ಮುಗಿದ ಮೇಲೆ ವಿಸ್ತರಿಸಲು ಬರುವುದಿಲ್ಲ. ಹಾಂಗ್‌ಕಾಂಗ್‌ನ ಸಾರ್ವಜನಿಕ ಸ್ಮಶಾನಗಳಲ್ಲಿ 6 ವರ್ಷಗಳ ನಂತರ ಅವಶೇಷಗಳನ್ನು ಹೊರತೆಗೆಯಬೇಕಾಗುತ್ತದೆ. ಸಿಂಗಪುರದಲ್ಲಿ 1998ರಿಂದ ಹೂಳುವ ಅವಧಿಯನ್ನು 15 ವರ್ಷಕ್ಕೆ ಮಿತಿಗೊಳಿಸಲಾಗಿದೆ. ಈ ಆಯ್ಕೆಯಲ್ಲಿ ವಾರಸುದಾರಿಕೆಯ ಜಗಳಕ್ಕೆ ಜಾಗವೇ ಇಲ್ಲ, ಏಕೆಂದರೆ ವಾರಸಾಗಿ ಬರುವಂಥದ್ದೇನೂ ಇರುವುದಿಲ್ಲ. ಗಂಡ ಹೆಂಡತಿ ಒಂದೇ ಕಡೆ ಇರಬೇಕು ಎಂಬ ಬಯಕೆಯುಳ್ಳವರಿಗೆ ಮಾತ್ರ ಇದು ತಕ್ಕುದಲ್ಲ.

ಎರಡನೆಯದು ನವೀಕರಿಸಬಹುದಾದ ಹಕ್ಕು. ಫ್ರಾನ್ಸ್‌ನಲ್ಲಿ 15 ವರ್ಷಗಳವರೆಗಿನ ತಾತ್ಕಾಲಿಕ ಹಕ್ಕು, 30 ವರ್ಷದ ಹಕ್ಕು, 50 ವರ್ಷದ ಹಕ್ಕು ಎಂಬ ಬಗೆಗಳಿವೆ. ಯಾವುದನ್ನು ಕೊಡಬೇಕೆಂಬುದು ಆಯಾ ಆಡಳಿತದ ತೀರ್ಮಾನ. ಅವಧಿ ಮುಗಿದ ಮೇಲೂ ಎರಡು ವರ್ಷಗಳ ಕಾಲ ಕುಟುಂಬ ನವೀಕರಣ ಕೋರಬಹುದು, ಮತ್ತು ವಾರಸುದಾರರಲ್ಲಿ ಒಬ್ಬರು ಹಣ ಕಟ್ಟಿ ನವೀಕರಿಸಿದರೂ ಅದರ ಫಲ ಎಲ್ಲ ವಾರಸುದಾರರಿಗೂ ಸೇರುತ್ತದೆ. ಹಣ ಕಟ್ಟಿದವರೇ ಒಡೆಯರು ಎಂದು ಭಾವಿಸಿ ಅಣ್ಣತಮ್ಮಂದಿರು ಮನಸ್ತಾಪ ಮಾಡಿಕೊಳ್ಳುವುದುಂಟು. ಕನಿಷ್ಠ ಅಲ್ಲಿನ ಕಾನೂನಿನಲ್ಲಿ ಆ ಭಾವನೆಗೆ ಆಧಾರವಿಲ್ಲ.

ಜರ್ಮನಿಯ ಆಯ್ಕೆ ಸಮಾಧಿಗಳಲ್ಲಿ, ಅಂದರೆ ಕುಟುಂಬವೇ ಜಾಗವನ್ನು ಆರಿಸಿಕೊಂಡು ನವೀಕರಿಸುತ್ತ ಹೋಗುವ ಸಮಾಧಿಗಳಲ್ಲಿ, ಇನ್ನೊಂದು ಲೆಕ್ಕವಿದೆ. ಬಳಕೆಯ ಹಕ್ಕು 30 ವರ್ಷದ್ದು, ವಿಶ್ರಾಂತಿ ಅವಧಿ 20 ವರ್ಷದ್ದು ಎಂದಿಟ್ಟುಕೊಳ್ಳೋಣ. ಮೊದಲ ಶವವನ್ನು ಹೂಳಿ 18 ವರ್ಷಗಳಾದ ಮೇಲೆ ಎರಡನೆಯವರು ತೀರಿಕೊಂಡರೆ ಹಕ್ಕಿನಲ್ಲಿ ಉಳಿದಿರುವುದು 12 ವರ್ಷ, ಬೇಕಿರುವುದು 20 ವರ್ಷ. ಕೊರತೆಯಾದ 8 ವರ್ಷಗಳಿಗೆ ಆಗಲೇ ಹಣ ಕಟ್ಟಿ ವಿಸ್ತರಿಸಿಕೊಳ್ಳಬೇಕು. ಎರಡನೆಯ ಅಂತ್ಯಕ್ರಿಯೆಯ ಖರ್ಚಿನಲ್ಲಿ ಈ ಬಾಬ್ತನ್ನು ಯಾರೂ ಎಣಿಸಿರುವುದಿಲ್ಲ. ಆದ್ದರಿಂದ ನವೀಕರಿಸಬಹುದಾದ ಹಕ್ಕನ್ನು ಆರಿಸಿಕೊಳ್ಳುವವರು ಪ್ರತಿ ಹೊಸ ಹೂಳುವಿಕೆಗೂ ಒಂದು ವಿಸ್ತರಣೆ ಬರಬಹುದು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಮೂರನೆಯದು ಶಾಶ್ವತ ಹಕ್ಕು. ಹೆಸರು ಭರವಸೆ ಹುಟ್ಟಿಸುತ್ತದೆ, ಆದರೆ ಶಾಶ್ವತ ಎಂಬ ಮಾತಿಗೂ ಮಿತಿಯಿದೆ. ಫ್ರಾನ್ಸ್‌ನಲ್ಲಿ ಹಕ್ಕು ಕೊಟ್ಟು 30 ವರ್ಷ ಕಳೆದಿದ್ದು, ಕಳೆದ 10 ವರ್ಷಗಳಲ್ಲಿ ಅಲ್ಲಿ ಯಾರನ್ನೂ ಹೂಳದೆ, ಸಮಾಧಿ ಪಾಳುಬಿದ್ದಿದ್ದರೆ, ಗೊತ್ತುಪಡಿಸಿದ ಪ್ರಕ್ರಿಯೆಯನ್ನು ಪಾಲಿಸಿ ಆಡಳಿತವು ಶಾಶ್ವತ ಹಕ್ಕನ್ನೂ ಮರಳಿ ಪಡೆಯಬಹುದು. ಲಂಡನ್ನಿನ ಸ್ಥಳೀಯ ಸಂಸ್ಥೆಗಳಿಗೆ 75 ವರ್ಷಗಳಿಂದ ಬಳಸದೆ ಉಳಿದ ಹಕ್ಕುಗಳನ್ನು ನೋಟಿಸು ಕೊಟ್ಟು ರದ್ದುಪಡಿಸುವ ಅಧಿಕಾರವಿದೆ. ಇಟಲಿಯಲ್ಲಿ ಹೊಸ ಹಕ್ಕುಗಳ ಗರಿಷ್ಠ ಅವಧಿ 99 ವರ್ಷ. ಶಾಶ್ವತ ಹಕ್ಕು ಆಯುಷ್ಯವನ್ನು ಹೆಚ್ಚಿಸುತ್ತದೆ, ನಿಜ. ಜೊತೆಗೆ ಹಕ್ಕುದಾರರ ಸಂಖ್ಯೆಯನ್ನೂ ಹೆಚ್ಚಿಸುತ್ತದೆ. ಮೂವರು ಮಕ್ಕಳಿದ್ದು ಅವರಲ್ಲಿ ಒಬ್ಬೊಬ್ಬರಿಗೂ ಮೂವರು ಮಕ್ಕಳಿದ್ದರೆ ಎರಡೇ ತಲೆಮಾರಿನಲ್ಲಿ ಒಂಬತ್ತು ಜನ ವಾರಸುದಾರರು, ಮೂರನೆಯ ತಲೆಮಾರಿನಲ್ಲಿ ಇಪ್ಪತ್ತೇಳು ಜನ. ಜಾಗ ಮಾತ್ರ ನಾಲ್ಕು ಜನರಿಗೆ ಸಾಲುವಷ್ಟೇ.

ಯಾವುದನ್ನು ಆರಿಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಹೆಚ್ಚಾಗಿ ನವೀಕರಿಸಬಹುದಾದ ಹಕ್ಕಿನ ಪರವಾಗಿಯೇ ಇರುತ್ತದೆ. ಪ್ರತಿ ನವೀಕರಣವೂ ಹೆಸರು, ವಿಳಾಸ, ಉಳಿದಿರುವ ಜಾಗ ಇವನ್ನೆಲ್ಲ ಸರಿಪಡಿಸಿಕೊಳ್ಳಲು ಕುಟುಂಬಕ್ಕೆ ಸಿಗುವ ಅವಕಾಶ. ಈಗಾಗಲೇ ಎರಡು ಮೂರು ತಲೆಮಾರಿನವರು ಒಂದೇ ಕಡೆ ಮಲಗಿದ್ದು, ಅದನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಹೊತ್ತವರು ಯಾರೆಂಬುದು ಎಲ್ಲರಿಗೂ ತಿಳಿದಿರುವ ಮನೆತನಕ್ಕೆ ಮಾತ್ರ ಶಾಶ್ವತ ಹಕ್ಕು ಹೊಂದುತ್ತದೆ.

ಸ್ವಂತ ಜಮೀನಿನಲ್ಲಿ ಹೂಳುವುದು ಕಾನೂನು ಒಪ್ಪುವ ಕಡೆಗಳಲ್ಲಿ ನಾಲ್ಕನೆಯ ದಾರಿ. ಇದರಲ್ಲಿ ನೆಲವೂ ನಿಮ್ಮದೇ, ತೀರ್ಮಾನವೂ ನಿಮ್ಮದೇ, ಆದರೆ ಜಮೀನು ಮಾರಾಟವಾದ ದಿನ ಎರಡೂ ಕೈತಪ್ಪುತ್ತವೆ. ಅಮೆರಿಕದ ವರ್ಜೀನಿಯಾದಂಥ ರಾಜ್ಯಗಳಲ್ಲಿ ಖಾಸಗಿ ಜಮೀನಿನೊಳಗಿನ ಸಮಾಧಿಗಳಿಗೆ ವಂಶಸ್ಥರು ಬಂದುಹೋಗಲು ಕಾನೂನು ಅವಕಾಶ ಕೊಡುತ್ತದೆ. ಬಂದುಹೋಗುವ ಹಕ್ಕು ಬೇರೆ, ಮುಂದಿನವರನ್ನು ಅಲ್ಲಿ ಹೂಳುವ ಹಕ್ಕು ಬೇರೆ ಎಂಬುದನ್ನು ಮರೆಯಬಾರದು.

ರಕ್ತಸಂಬಂಧಕ್ಕೋ, ವಾರಸುದಾರಿಕೆಗೋ

ಈ ವಿಷಯದ ತಿರುಳು ಇಲ್ಲಿದೆ, ಮತ್ತು ಇದು ಬಹಳ ಹಳೆಯದು. ರೋಮನ್ ನ್ಯಾಯಶಾಸ್ತ್ರಜ್ಞ ಗಾಯಸ್ ಸಮಾಧಿಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದ: ಒಬ್ಬನು ತನಗೂ ತನ್ನ ಕುಟುಂಬಕ್ಕೂ ಮಾಡಿಸಿದ್ದು ಕೌಟುಂಬಿಕ ಸಮಾಧಿ, ತನಗೂ ತನ್ನ ವಾರಸುದಾರರಿಗೂ ಮಾಡಿಸಿದ್ದು ವಾರಸಿನ ಸಮಾಧಿ. ಮೇಲ್ನೋಟಕ್ಕೆ ಎರಡೂ ಒಂದೇ ಎನಿಸುತ್ತದೆ. ಆದರೆ ಉಯಿಲಿನ ಮೂಲಕ ಹೊರಗಿನವರೊಬ್ಬರು ವಾರಸುದಾರರಾದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕೌಟುಂಬಿಕ ಸಮಾಧಿಯಲ್ಲಿ, ಆಸ್ತಿಯಲ್ಲಿ ಒಂದು ಕಾಸೂ ಸಿಗದ ಮಗಳಿಗೂ ಮಲಗುವ ಹಕ್ಕು ಉಳಿಯುತ್ತದೆ. ವಾರಸಿನ ಸಮಾಧಿಯಲ್ಲಿ, ಆಸ್ತಿಯ ಹಿಂದೆಯೇ ಸಮಾಧಿಯೂ ಹೋಗುತ್ತದೆ.

ರೋಮನ್ನರ ಅನೇಕ ಸಮಾಧಿಗಳ ಕಲ್ಲಿನ ಮೇಲೆ ‘ಹೋಕ್ ಮಾನ್ಯುಮೆಂಟುಮ್ ಹೆರೇಡೆಮ್ ನಾನ್ ಸೆಕ್ವಿಟುರ್’ ಎಂಬ ಲ್ಯಾಟಿನ್ ವಾಕ್ಯವನ್ನು, ಹಲವೆಡೆ ಅದರ ಮೊದಲಕ್ಷರಗಳನ್ನಷ್ಟೇ, ಕೆತ್ತಿಸಲಾಗಿದೆ. ಈ ಸಮಾಧಿ ವಾರಸುದಾರನಿಗೆ ಹೋಗುವುದಿಲ್ಲ ಎಂಬುದು ಅದರ ಅರ್ಥ. ಕಲ್ಲಿಗೆ ಹಣ ಕೊಟ್ಟು, ಅಕ್ಷರಕ್ಕೆ ಕೂಲಿ ಕೊಟ್ಟು, ತನ್ನ ಹೆಸರಿನ ಪಕ್ಕದಲ್ಲಿಯೇ ಇದನ್ನು ಬರೆಸಿದವರಿಗೆ, ತಾವು ಇಲ್ಲವಾದ ಮೇಲೆ ತಮ್ಮವರನ್ನು ಹೊರಗಿಟ್ಟಾರು ಎಂಬ ಅಂಜಿಕೆ ಎಷ್ಟಿತ್ತೆಂದು ಯೋಚಿಸಿದಾಗ ಮನಸ್ಸು ಕಲಕುತ್ತದೆ. ಅದೇ ಅಂಜಿಕೆ ಇಂದೂ ಇದೆ. ಕಲ್ಲಿನ ಬದಲು ಅರ್ಜಿಯ ನಮೂನೆಯಲ್ಲಿ ಒಂದು ಗೆರೆ ಬರೆಯುವ ಅನುಕೂಲ ನಮಗಿದೆ, ಆದರೆ ಅದನ್ನು ಬರೆಯುವವರು ಕಡಿಮೆ. ಇಟಲಿಯ ನ್ಯಾಯಾಲಯಗಳು ಇಂದಿಗೂ ಈ ಎರಡು ಬಗೆಗಳ ನಡುವಣ ವ್ಯತ್ಯಾಸವನ್ನು ಹಿಡಿದೇ ವ್ಯಾಜ್ಯಗಳನ್ನು ಬಿಡಿಸುತ್ತವೆ.

ಫ್ರಾನ್ಸ್‌ನ ಪದ್ಧತಿ ಈ ಆಯ್ಕೆಯನ್ನು ಅರ್ಜಿಯ ಹಂತದಲ್ಲಿಯೇ ಮುಂದಿಡುತ್ತದೆ. ವೈಯಕ್ತಿಕ ಹಕ್ಕಾದರೆ ಹೆಸರಿಸಿದ ಒಬ್ಬರಿಗೆ ಮಾತ್ರ. ಸಾಮೂಹಿಕ ಹಕ್ಕಾದರೆ ಪತ್ರದಲ್ಲಿ ಹೆಸರಿರುವವರಿಗಷ್ಟೇ, ಅವರು ಬಂಧುಗಳಲ್ಲದಿದ್ದರೂ ಸರಿ. ಕೌಟುಂಬಿಕ ಹಕ್ಕಾದರೆ ಪಡೆದವರು, ಅವರ ಬಾಳಸಂಗಾತಿ, ಅವರ ವಂಶಸ್ಥರು ಎಲ್ಲರೂ ಸೇರುತ್ತಾರೆ. ಹಕ್ಕನ್ನು ಪಡೆದವರು ಬದುಕಿರುವಷ್ಟು ಕಾಲ ಯಾರಿಗೆ ಜಾಗ ಎಂಬುದನ್ನು ಅವರೇ ನಿರ್ಧರಿಸುತ್ತಾರೆ. ಅವರು ತೀರಿಕೊಂಡ ಮೇಲೆ ಅದು ವಾರಸುದಾರರ ಒಟ್ಟು ಹಕ್ಕಾಗುತ್ತದೆ, ಪಾಲಾಗದೆ ಹಾಗೆಯೇ ಉಳಿಯುತ್ತದೆ, ಮತ್ತು ಸಹವಾರಸುದಾರರಲ್ಲಿ ಪ್ರತಿಯೊಬ್ಬರೂ ಉಳಿದವರ ಅನುಮತಿ ಕೇಳದೆ ಅಲ್ಲಿ ಹೂಳಿಸಿಕೊಳ್ಳಬಹುದು. ಹೀಗಾದಾಗ ಯಾರು ಮೊದಲು ತೀರಿಕೊಳ್ಳುತ್ತಾರೋ ಅವರಿಗೆ ಜಾಗ ಸಿಗುತ್ತದೆ, ಕೊನೆಯವರಿಗೆ ಇಲ್ಲ.

ಕ್ಯಾಲಿಫೋರ್ನಿಯಾದ ಕಾನೂನು ಇದನ್ನೇ ಇನ್ನಷ್ಟು ಬಿಡಿಸಿ ಹೇಳುತ್ತದೆ. ಕುಟುಂಬದ ಒಬ್ಬರನ್ನು ಹೂಳಿದ ಜಾಗದ ಹಕ್ಕುದಾರರು ಆ ಜಾಗದ ಬಗ್ಗೆ ಉಯಿಲಿನಲ್ಲಿ ಏನನ್ನೂ ಬರೆಯದೆ ತೀರಿಕೊಂಡರೆ ಅದು ಪರಭಾರೆ ಮಾಡಲಾಗದ ಕುಟುಂಬದ ಜಾಗವಾಗುತ್ತದೆ. ಒಂದು ಸ್ಥಾನ ಹಕ್ಕುದಾರರಿಗೆ, ಇನ್ನೊಂದು ಬದುಕುಳಿದ ಗಂಡ ಅಥವಾ ಹೆಂಡತಿಗೆ, ಉಳಿದವು ಹಕ್ಕುದಾರರ ತಂದೆತಾಯಿ ಮತ್ತು ಮಕ್ಕಳಿಗೆ, ಅವರು ತೀರಿಕೊಂಡ ಕ್ರಮದಲ್ಲಿ. ಹಿರಿಯ ಮಗ, ಕಿರಿಯ ಮಗಳು ಎಂಬ ಭೇದವಿಲ್ಲ. ನಾಲ್ಕು ಸ್ಥಾನಗಳ ಜಾಗವೆಂದು ಭಾವಿಸಿ: ಅಪ್ಪ, ಅಮ್ಮ ಎರಡನ್ನು ತೆಗೆದುಕೊಂಡರೆ ಮೂವರು ಮಕ್ಕಳಿಗೆ ಉಳಿಯುವುದು ಎರಡು. ಯಾರಿಗೆ ಇಲ್ಲವೆಂದು ಯಾರೂ ಇಂದೇ ಹೇಳಲಾರರು. ಇಷ್ಟನ್ನು ಮೂವರೂ ಒಟ್ಟಿಗೆ ಕುಳಿತು ಅರ್ಥಮಾಡಿಕೊಂಡರೆ ಒಬ್ಬರು ಬೇರೆ ಜಾಗ ನೋಡಿಕೊಳ್ಳುತ್ತೇನೆಂದು ತಾವಾಗಿಯೇ ಹೇಳುವುದುಂಟು. ಅರ್ಥವಾಗದೆ ಉಳಿದರೆ ಮೂರನೆಯವರ ಮಕ್ಕಳು ಹೆಣ ಮುಂದಿಟ್ಟುಕೊಂಡು ಜಗಳಕ್ಕೆ ನಿಲ್ಲುತ್ತಾರೆ.

ಕುಟುಂಬದೊಳಗೆ ದತ್ತುಮಕ್ಕಳು, ಮದುವೆಯಾಗದ ಅಕ್ಕ, ಜೊತೆಗೇ ಬಾಳಿದ ಆಪ್ತರು ಇದ್ದಾರೆಂದರೆ ರಕ್ತಸಂಬಂಧವನ್ನು ಮಾತ್ರ ನೆಚ್ಚಿಕೊಂಡ ಕೌಟುಂಬಿಕ ಹಕ್ಕಿಗಿಂತ ಹೆಸರು ಬರೆದ ಸಾಮೂಹಿಕ ಹಕ್ಕು ಎಷ್ಟೋ ಮೇಲು. ಉಳಿದವರಿಗೆ ಕೌಟುಂಬಿಕ ಹಕ್ಕು ಸಾಕು, ಆದರೆ ಸ್ಥಾನಗಳು ಎಷ್ಟು, ಆಸೆಪಡುವವರು ಎಷ್ಟು ಎಂಬ ಎಣಿಕೆ ಮೊದಲೇ ಆಗಿರಬೇಕು.

ಒಂದು ಹೆಸರೋ, ಎರಡೋ, ಎಲ್ಲರದೋ

ಒಬ್ಬರ ಹೆಸರಿನಲ್ಲಿ ಹಕ್ಕಿದ್ದರೆ ತೀರ್ಮಾನ ಸುಲಭ, ಆದರೆ ಅವರು ತೀರಿಕೊಂಡ ಕೂಡಲೇ ಹಕ್ಕು ಅಂತರದಲ್ಲಿ ನಿಲ್ಲುತ್ತದೆ. ಇಂಗ್ಲೆಂಡಿನ ಸ್ಮಶಾನಗಳ ರೂಢಿಯಲ್ಲಿ ನೋಂದಾಯಿತ ಹಕ್ಕುದಾರರನ್ನು ಅವರದೇ ಸಮಾಧಿಯಲ್ಲಿ ಹೂಳಲು ಬೇರೆ ಯಾರ ಸಹಿಯೂ ಬೇಕಾಗುವುದಿಲ್ಲ. ಈ ಅನುಕೂಲದಿಂದಲೇ ತೊಂದರೆ ಹುಟ್ಟುತ್ತದೆ: ಮೊದಲ ಅಂತ್ಯಕ್ರಿಯೆ ಸರಾಗವಾಗಿ ನಡೆಯುವುದರಿಂದ ಹೆಸರು ಬದಲಾಯಿಸಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ಲೇಖನದ ಆರಂಭದಲ್ಲಿ ಹೇಳಿದ ಮಕ್ಕಳ ಸ್ಥಿತಿ ಬಂದದ್ದು ಹೀಗೆ. ನಂತರ ಪ್ರೊಬೇಟ್, ಅಂದರೆ ಉಯಿಲನ್ನು ನ್ಯಾಯಾಲಯ ದೃಢೀಕರಿಸಿ ಕೊಡುವ ಪತ್ರ, ಉಯಿಲಿಲ್ಲದಿದ್ದರೆ ಆಸ್ತಿ ನಿರ್ವಹಣೆಯ ಪತ್ರ, ಅದೂ ಇಲ್ಲದಿದ್ದರೆ ಪ್ರಮಾಣ ಮಾಡಿ ಬರೆದ ಘೋಷಣೆ ಮತ್ತು ಉಳಿದ ವಾರಸುದಾರರ ಬಿಡುಗಡೆ ಪತ್ರ ಎಂದು ಒಂದೊಂದಾಗಿ ಕೇಳಲಾಗುತ್ತದೆ.

ಎಲ್ಲ ಮಕ್ಕಳ ಹೆಸರನ್ನೂ ಸೇರಿಸುವುದು ನ್ಯಾಯವೆನಿಸುತ್ತದೆ. ಆದರೆ ಎಷ್ಟೋ ಕಡೆ ಪ್ರತಿ ಹೂಳುವಿಕೆಗೂ, ಕಲ್ಲಿನ ಮೇಲೆ ಹೆಸರು ಕೆತ್ತಿಸಲೂ, ಬದುಕಿರುವ ಎಲ್ಲ ಜಂಟಿ ಹಕ್ಕುದಾರರ ಸಹಿ ಬೇಕು. ಐವರಲ್ಲಿ ಒಬ್ಬರು ಮುನಿಸಿಕೊಂಡು ದೂರವಾಗಿದ್ದರೆ, ಅಥವಾ ಸಹಿ ಮಾಡಲಾಗದ ಅನಾರೋಗ್ಯದಲ್ಲಿದ್ದರೆ, ಉಳಿದ ನಾಲ್ವರ ಕೈ ಕಟ್ಟಿದಂತೆ. ಇವೆರಡರ ನಡುವಿನ ದಾರಿ ಎರಡು ಹೆಸರುಗಳದ್ದು, ಅದರಲ್ಲೂ ಎರಡು ತಲೆಮಾರಿನ ಹೆಸರುಗಳದ್ದು: ತಾಯಿ ಮತ್ತು ಒಬ್ಬ ಮಗಳು, ಅಥವಾ ಚಿಕ್ಕಪ್ಪ ಮತ್ತು ಅಣ್ಣನ ಮಗ. ಗಂಡ ಹೆಂಡತಿಯ ಹೆಸರು ಮಾತ್ರ ಇದ್ದರೆ ಕೆಲವೇ ವರ್ಷಗಳ ಅಂತರದಲ್ಲಿ ಇಬ್ಬರೂ ಇಲ್ಲವಾಗಬಹುದು. ತಲೆಮಾರಿನ ಅಂತರವಿದ್ದರೆ ಒಬ್ಬರು ಇದ್ದೇ ಇರುತ್ತಾರೆ ಎಂದು ನಂಬಬಹುದು. ಒಬ್ಬರು ತೀರಿಕೊಂಡಾಗ ಪೂರ್ಣ ಹಕ್ಕು ಉಳಿದವರಿಗೆ ಸೇರುತ್ತದೆಯೋ, ಇಲ್ಲವೇ ತೀರಿಕೊಂಡವರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆಯೋ ಎಂಬುದನ್ನು ಮಾತ್ರ ಪತ್ರ ಮಾಡಿಸುವಾಗಲೇ ಕೇಳಿ ಬರೆಸಿಕೊಳ್ಳಬೇಕು.

ಇದ್ದಾಗಲೇ ವರ್ಗಾಯಿಸುವುದು, ಉಯಿಲು ಬರೆಯುವುದು, ಏನೂ ಬರೆಯದಿರುವುದು

ಹಕ್ಕುದಾರರು ಬದುಕಿರುವಾಗಲೇ ಮಾಡುವ ವರ್ಗಾವಣೆ ಮೂರರಲ್ಲಿ ಅತ್ಯಂತ ಗಟ್ಟಿಯಾದದ್ದು. ಒಂದು ನಮೂನೆ, ಹಳೆಯ ಹಕ್ಕುಪತ್ರ, ಸಾಕ್ಷಿಗಳ ಸಹಿ, ಶುಲ್ಕ, ನೋಂದಣಿ ಪುಸ್ತಕದಲ್ಲಿ ಹೊಸ ಹೆಸರು. ಕೊನೆಯ ಹಂತ ಆಗದಿದ್ದರೆ ಉಳಿದ ನಾಲ್ಕಕ್ಕೂ ಬೆಲೆಯಿಲ್ಲ, ಏಕೆಂದರೆ ಕಚೇರಿ ನೋಡುವುದು ಪುಸ್ತಕವನ್ನೇ. ಇದರಲ್ಲಿರುವ ಒಂದೇ ಭಯವೆಂದರೆ ಹಕ್ಕನ್ನು ಬಿಟ್ಟುಕೊಟ್ಟವರು ತಾವೇ ಅಲ್ಲಿ ಮಲಗಲು ಹೊಸ ಹಕ್ಕುದಾರರ ಒಪ್ಪಿಗೆಗೆ ಕಾಯಬೇಕಾದೀತು ಎಂಬುದು. ಆದ್ದರಿಂದ ಪೂರ್ತಿ ಬಿಟ್ಟುಕೊಡುವ ಬದಲು ತಮ್ಮ ಹೆಸರನ್ನು ಉಳಿಸಿಕೊಂಡು ಇನ್ನೊಬ್ಬರನ್ನು ಸೇರಿಸಿಕೊಳ್ಳುವುದು ಲೇಸು.

ಉಯಿಲಿಗೆ ಎರಡು ಕೊರತೆಗಳಿವೆ. ಅದನ್ನು ತೆರೆದು ಓದುವ ಹೊತ್ತಿಗೆ ಅಂತ್ಯಕ್ರಿಯೆ ಮುಗಿದಿರುತ್ತದೆ. ಅಲ್ಲದೆ ಉಯಿಲಿನಲ್ಲಿ ಸಮಾಧಿಯ ಹೆಸರನ್ನೇ ಎತ್ತದೆ ‘ಉಳಿದೆಲ್ಲ ಆಸ್ತಿ’ ಎಂದು ಬರೆದು ಮುಗಿಸುವುದು ಸಾಮಾನ್ಯ; ಆಗ ಮನೆಯ ಉಳಿಕೆ ಸಾಮಾನಿನ ಜೊತೆಗೆ ಸಮಾಧಿಯ ಹಕ್ಕೂ ಒಬ್ಬರ ಪಾಲಿಗೆ ಹೋಗಬಹುದು. ವಿಭಾಗ, ಸಾಲು, ಸಂಖ್ಯೆಯ ಸಮೇತ ಬೇರೆಯಾಗಿ ಒಂದು ಪ್ಯಾರಾ ಬರೆಸಬೇಕು. ಬರೆದ ಪ್ಯಾರಾದ ನಕಲನ್ನು ಬದುಕಿರುವಾಗಲೇ ಮಕ್ಕಳ ಕೈಗೆ ಕೊಟ್ಟಿದ್ದರೆ ಮೊದಲ ಕೊರತೆಯೂ ನೀಗುತ್ತದೆ.

ಏನೂ ಬರೆಯದಿರುವುದೂ ಒಂದು ಆಯ್ಕೆಯೇ, ಮತ್ತು ಬಹುಪಾಲು ಜನ ತಿಳಿಯದೆ ಆರಿಸಿಕೊಳ್ಳುವುದು ಇದನ್ನೇ. ಒಬ್ಬನೇ ಮಗ ಅಥವಾ ಒಬ್ಬಳೇ ಮಗಳಿರುವ ಕಡೆ ಇದರಿಂದ ಹೆಚ್ಚು ಹಾನಿಯಿಲ್ಲ.

ಮೊದಲ ಹೂಳುವಿಕೆಗೆ ಮುಂಚೆ

ಮೊದಲ ಶವ ನೆಲ ಸೇರುವವರೆಗೆ ಈ ಹಕ್ಕು ಬಹಳಮಟ್ಟಿಗೆ ಬದಲಾಯಿಸಬಹುದಾದದ್ದು. ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ರೋಮನ್ ಕಾನೂನಿನಲ್ಲಿ ಶವವನ್ನು ಹೂಳಿದ ನೆಲ ಧಾರ್ಮಿಕ ಸ್ಥಳವಾಗಿ ಕೊಡುಕೊಳ್ಳುವಿಕೆಯಿಂದ ಹೊರಗಾಗುತ್ತಿತ್ತು. ಫ್ರಾನ್ಸ್‌ನಲ್ಲಿ ಬಳಸದ ಹಕ್ಕನ್ನು ಹೊರಗಿನವರಿಗೂ ದಾನವಾಗಿ ಕೊಡಬಹುದು, ಬಳಸಿದ್ದನ್ನು ಕುಟುಂಬದವರಿಗೆ ಮಾತ್ರ. ಕ್ಯಾಲಿಫೋರ್ನಿಯಾದ ಪರಭಾರೆ ನಿಷೇಧವೂ ಹೂಳಿದ ನಂತರದ ಮಾತೇ.

ಆಳವೂ ಅಂದೇ ತೀರ್ಮಾನವಾಗುತ್ತದೆ. ಒಂದೇ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರಂತೆ ಹೂಳುವ ಪದ್ಧತಿಯಿರುವ ಕಡೆ ಮೊದಲ ಪೆಟ್ಟಿಗೆಯನ್ನು ಎಷ್ಟು ಆಳಕ್ಕೆ ಇಳಿಸಲಾಯಿತೋ ಅದರ ಮೇಲೆ ಉಳಿದವರ ಭಾಗ್ಯ ನಿಂತಿದೆ. ಇಂಗ್ಲೆಂಡಿನ 1977ರ ಆದೇಶದ ಪ್ರಕಾರ ಶವಪೆಟ್ಟಿಗೆಯ ಯಾವ ಭಾಗವೂ ಸುತ್ತಲಿನ ನೆಲದ ಮಟ್ಟದಿಂದ 3 ಅಡಿಗಿಂತ ಮೇಲಿರಬಾರದು. ಮಣ್ಣು ತಕ್ಕಂತಿದ್ದರೆ 2 ಅಡಿಯವರೆಗೆ ಸಡಿಲಿಕೆಯುಂಟು. ಎರಡು ಪೆಟ್ಟಿಗೆಗಳ ನಡುವೆ ಕನಿಷ್ಠ 6 ಅಂಗುಲ ಮಣ್ಣಿನ ಪದರ ಇರಬೇಕು. ಇಬ್ಬರಿಗೆಂದು ಹಕ್ಕು ಪಡೆದು, ಅವಸರದಲ್ಲಿ ಒಬ್ಬರ ಆಳಕ್ಕೆ ಮಾತ್ರ ಅಗೆಸಿದರೆ, ಕಾಗದದ ಮೇಲೆ ಉಳಿದಿರುವ ಎರಡನೆಯ ಹಕ್ಕು ನೆಲದಲ್ಲಿ ಉಳಿದಿರುವುದಿಲ್ಲ. ಆಗ ಚಿತಾಭಸ್ಮವನ್ನು ಇಡಲು ಮಾತ್ರ ಅವಕಾಶ ಸಿಗಬಹುದು. ಹೂಳಿದ ಪೆಟ್ಟಿಗೆಯನ್ನು ಎತ್ತಿ ಆಳಕ್ಕಿಳಿಸಲು ಹಕ್ಕುದಾರರೆಂಬ ಕಾರಣಕ್ಕೆ ಮುಂದಾಗುವಂತಿಲ್ಲ. ಇಂಗ್ಲೆಂಡಿನಲ್ಲಿ ಅವಶೇಷಗಳನ್ನು ಕದಲಿಸಲು 1857ರ ಕಾಯಿದೆಯಂತೆ ಪ್ರತ್ಯೇಕ ಅನುಮತಿ ಬೇಕು.

ಎರಡನೆಯ ಮದುವೆ ಮತ್ತು ಭಿನ್ನಮತ

ಮೊದಲ ಹೆಂಡತಿಯ ಪಕ್ಕದ ಖಾಲಿ ಸ್ಥಾನ ಯಾರದು? ಮೊದಲ ಮದುವೆಯ ಮಕ್ಕಳು ತಂದೆಯನ್ನು ತಾಯಿಯ ಪಕ್ಕದಲ್ಲಿ ಮಲಗಿಸಬೇಕೆನ್ನುತ್ತಾರೆ, ಎರಡನೆಯ ಹೆಂಡತಿ ತನ್ನ ಜೊತೆ ಎನ್ನುತ್ತಾರೆ, ಇಬ್ಬರ ಮಾತಿನಲ್ಲೂ ಪ್ರೀತಿಯೇ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂದಕ್ಕಿಂತ ಹೆಚ್ಚು ಸ್ಥಾನಗಳಿರುವ ಜಾಗದಲ್ಲಿ ಬಾಳಸಂಗಾತಿಗೆ ಕಾನೂನುಬದ್ಧ ಹಕ್ಕಿದೆ, ಅವರ ಲಿಖಿತ ಒಪ್ಪಿಗೆಯಿಲ್ಲದೆ ಹಕ್ಕುದಾರರು ಅದನ್ನು ಕಿತ್ತುಕೊಳ್ಳಲಾರರು. ವಿಚ್ಛೇದನವಾದರೆ, ತೀರ್ಪಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅದು ಕೊನೆಗೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1882ರ ವಿಲಿಯಮ್ಸ್ ಪ್ರಕರಣದಿಂದ ಈಚೆಗೆ ಮೃತದೇಹ ಯಾರ ಆಸ್ತಿಯೂ ಅಲ್ಲ ಎಂಬುದು ಸ್ಥಾಪಿತವಾಗಿದೆ. ಉಯಿಲಿದ್ದರೆ ಅದನ್ನು ಜಾರಿಗೊಳಿಸುವವರೇ ಅಂತ್ಯಕ್ರಿಯೆಯ ತೀರ್ಮಾನ ತೆಗೆದುಕೊಳ್ಳುತ್ತಾರೆ. ಅಂದರೆ ಶವದ ಬಗ್ಗೆ ತೀರ್ಮಾನಿಸುವವರು ಒಬ್ಬರು, ಸಮಾಧಿಯನ್ನು ತೆರೆಯಲು ಸಹಿ ಮಾಡುವವರು ಇನ್ನೊಬ್ಬರು ಆಗಿಬಿಡಬಹುದು. ಮರುಮದುವೆಯಾದವರು ಉಯಿಲು ಜಾರಿಗೊಳಿಸುವವರನ್ನೂ ಸಮಾಧಿಯ ಜಂಟಿ ಹಕ್ಕುದಾರರನ್ನೂ ಒಬ್ಬರೇ ಆಗಿರುವಂತೆ ಏರ್ಪಡಿಸಿದರೆ ಈ ಬಿಕ್ಕಟ್ಟು ಬಹುಮಟ್ಟಿಗೆ ತಪ್ಪುತ್ತದೆ. ಎರಡೂ ಕಡೆಯವರು ಒಪ್ಪದ ಒಬ್ಬರನ್ನು ಆ ಸ್ಥಾನದಲ್ಲಿ ಕೂರಿಸುವುದಕ್ಕಿಂತ ಹೊಸದೊಂದು ಜಾಗ ಪಡೆಯುವುದು ಉತ್ತಮ.

ಕಲ್ಲು ಮತ್ತು ವಿಳಾಸ

ಸ್ಮಾರಕದ ಕಲ್ಲನ್ನು ನಿಲ್ಲಿಸುವ ಹಕ್ಕು ಹೂಳುವ ಹಕ್ಕಿನೊಳಗೆ ತಾನಾಗಿ ಸೇರಿರುವುದಿಲ್ಲ. ಕಲ್ಲಿಗೆ ಬೇರೆ ಅನುಮತಿ, ಕೆಲವೆಡೆ ಬೇರೆ ಅವಧಿ. ಕಲ್ಲು ವಾಲಿದರೆ ಸರಿಪಡಿಸುವ ಹೊಣೆ ಸಾಮಾನ್ಯವಾಗಿ ಹಕ್ಕುದಾರರದ್ದೇ, ಆದ್ದರಿಂದ ಹೆಸರು ಬರೆಸಿಕೊಳ್ಳುವವರು ಈ ಖರ್ಚಿಗೂ ಒಪ್ಪಿದಂತೆ.

ಇನ್ನು ವಿಳಾಸ. ಅವಧಿ ಮುಗಿಯುವ ಸೂಚನೆ, ಕಲ್ಲು ಅಪಾಯದಲ್ಲಿದೆ ಎಂಬ ಎಚ್ಚರಿಕೆ, ಹಕ್ಕನ್ನು ಮರಳಿ ಪಡೆಯುವ ನೋಟಿಸು ಇವೆಲ್ಲ ಹೋಗುವುದು ಪುಸ್ತಕದಲ್ಲಿರುವ ಕೊನೆಯ ವಿಳಾಸಕ್ಕೆ. ಅದು ಹೆಚ್ಚಿನ ಸಂದರ್ಭಗಳಲ್ಲಿ ತೀರಿಕೊಂಡವರ ಮನೆಯ ವಿಳಾಸ, ಎಂದೋ ಮಾರಿಹೋದ ಮನೆ. ಉತ್ತರ ಬಾರದಿದ್ದಾಗ ಆಡಳಿತ ಸಮಾಧಿಯ ಬಳಿ ಒಂದು ಚೀಟಿ ನಿಲ್ಲಿಸಬಹುದು, ಮತ್ತು ವರ್ಷಕ್ಕೊಮ್ಮೆಯಾದರೂ ಹೋಗುವವರು ಮಾತ್ರ ಅದನ್ನು ಓದುತ್ತಾರೆ. ಹಕ್ಕಿನ ಬಗೆ ಯಾವುದೇ ಇರಲಿ, ಮುಂದಿನ ಬಾರಿ ಹೂವಿಡಲು ಹೋದಾಗ ಕಚೇರಿಯ ಒಳಗೂ ಹೋಗಿ, ಸಮಾಧಿಯ ಸಂಖ್ಯೆ ಹೇಳಿ, ಆ ಪುಟದಲ್ಲಿ ಯಾರ ಹೆಸರಿದೆ, ಯಾವ ವಿಳಾಸವಿದೆ, ಎಷ್ಟು ಸ್ಥಾನ ಉಳಿದಿದೆ, ಯಾವ ವರ್ಷದವರೆಗೆ ಎಂಬುದನ್ನು ಬರೆದುಕೊಂಡು ಬನ್ನಿ. ಆ ಹಾಳೆಯ ನಕಲು ಒಡಹುಟ್ಟಿದವರೆಲ್ಲರ ಬಳಿಯೂ ಒಂದೊಂದು ಇರಲಿ.